ಒತ್ತಿ ಹಿಡಿದ ಗುಂಡಿ

“ಓರೆ ಮಾಡ್ರೋ! ಮೆಷಿನ್ ಇಳಿಸ್ತಿದ್ವಲ್ಲ, ಹಾಗೇ!” ಎಂದು ಮುಂದಿನ ತುದಿ ಹೊತ್ತಿದ್ದ ಪ್ಲಂಬರು ಕೂಗಿದ. ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರೂ ಕೆಳಗಿನ ವಿಡಿಯೊ ಗೇಮ್ ಅಂಗಡಿಯಲ್ಲೇ ಬೆಳೆದವರು. ತಲೆ ನರೆತರೂ, ಈಗ ಪೆಟ್ಟಿಗೆಯಲ್ಲಿ ಮಲಗಿದ್ದ ಅದರ ಯಜಮಾನನಿಗೆ ಅಣ್ಣ, ಅವನ ಹೆಂಡತಿಗೆ ಅತ್ತಿಗೆ ಎನ್ನುವುದನ್ನು ಬಿಟ್ಟಿರಲಿಲ್ಲ.

“ಬಟ್ಟೆಯೆಲ್ಲ ತುಂಬಿಟ್ಟಿದೀನಿ ಅಕ್ಕ. ಮಣ್ಣು ಮಾಡಿದ್ಮೇಲೆ ನೇರ ನಮ್ಮನೆಗೆ. ಈ ಸಲ ನೆಪ ಹೇಳಿದ್ರೆ ಸುಮ್ನಿರಲ್ಲ,” ಎಂದಳು ಕೆಳಗೆ ನಿಂತ ತಂಗಿ.

“ಇನ್ನೇನು ನೆಪ ಉಳಿದಿದೆ ಹೇಳು?” ಎಂದಳು ಅತ್ತಿಗೆ. ದುಃಖದ ಅಡಿಯಲ್ಲೆಲ್ಲೋ ಮನಸ್ಸು ಹಗುರಾಗಿತ್ತು. ಅದಕ್ಕೆ ನಾಚಿಕೆಯೂ ಆಯಿತು.

“ಅತ್ತಿಗೆ, ಮೂಲೆ ಮೆಷಿನ್ ಆನ್ ಇದೆ ತಾನೆ?” ಎಂದ ಪ್ಲಂಬರು, ಪೆಟ್ಟಿಗೆಯ ಭಾರಕ್ಕೆ ಏದುಸಿರು ಬಿಡುತ್ತಾ.

“ಇದೆಯಪ್ಪಾ.”

“ನೀವಿರೋವಾಗ ನಮಗೇನು ಚಿಂತೆ ಬಿಡಿ.”

ಆ ಮಾತು ಕೊರಳಿಗೆ ಉರುಳಾಗಿ ಬಿದ್ದಂತಾಯಿತು. ಇಂದೇ ಅದರ ಪ್ಲಗ್ ಕಿತ್ತುಹಾಕಿ ಹೊರಡುವುದೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿದ್ದಳು.

*

ಕರೆಂಟು ಹೋದರೆ ಆ ಮೆಷಿನ್ನಿನಲ್ಲಿದ್ದ, ಗೆದ್ದವರ ಹೆಸರುಗಳೆಲ್ಲ ಅಳಿಸಿಹೋಗುತ್ತಿದ್ದವು. ಅದಕ್ಕೇ ಗಂಡ ಬ್ಯಾಟರಿ ಜೋಡಿಸಿದ್ದ. ಬ್ಯಾಟರಿಯ ಗುಂಡಿ ಸಡಿಲಾಗಿ, ಕರೆಂಟು ಬರುವ ತನಕ ಬೆರಳಲ್ಲಿ ಒತ್ತಿ ಹಿಡಿಯಬೇಕಾಗಿ ಬಂತು. ರಿಪೇರಿಗೆ ಬಿಚ್ಚಿದಾಗಲೇ ಕರೆಂಟು ಹೋದರೆ ಎಂದು ಮಹಾಶಯ ಅದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ.

ತಂಗಿಯ ಮದುವೆಗೆ ಹೊರಟ ದಿನ ಟ್ಯಾಕ್ಸಿ ಬಾಗಿಲಿಗೆ ಬಂದಾಗಲೇ ಕರೆಂಟು ಹೋಯಿತು.

“ಹಾಳಾಗ್ಲಿ, ಬಿಡ್ರೀ ಅದನ್ನ!” ಎಂದಿದ್ದಳು ಅತ್ತಿಗೆ.

“ಹುಡುಗರ ಹೆಸರಿದೆ ಕಣೇ. ಕೆಲವರು ಈಗ ಬದುಕೇ ಇಲ್ಲ. ನೀನು ಹೋಗಿ ಬಾ, ಈಗ ಬರುತ್ತೆ ಕರೆಂಟು.”

ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಹೊಸ ಸೀರೆಯಲ್ಲೇ ಕೂತು ಅವನಿಗೆ ತುತ್ತು ತಿನ್ನಿಸಿದಳು. ಅವನ ಬೆರಳು ಮರಗಟ್ಟಿದಾಗ ತನ್ನ ಬೆರಳಿಟ್ಟಳು. ಕರೆಂಟು ಬರುವಷ್ಟರಲ್ಲಿ ಮದುವೆ ಮುಗಿದಿತ್ತು.

*

ಪೆಟ್ಟಿಗೆ ವ್ಯಾನಿಗೇರಿತು. ತಂಗಿ ಅಕ್ಕನನ್ನು ಹತ್ತಿಸಲು ಕೈ ಚಾಚಿದಳು. ಅಷ್ಟರಲ್ಲಿ ಅಂಗಡಿಯ ದೀಪಗಳು ಆರಿದವು.

ನಾಲ್ವರೂ ಗಾಬರಿಯಿಂದ ತಿರುಗಿದರು. ಅತ್ತಿಗೆ ಅಲ್ಲಿರಲಿಲ್ಲ. ಅವಳ ಕಾಲುಗಳು ಅವಳನ್ನು ಕೇಳದೆಯೇ ಓಡಿದ್ದವು. ಎಚ್ಚರವಾದಾಗ ಅವಳು ಮೂಲೆಯಲ್ಲಿ ಮಂಡಿಯೂರಿ ಗುಂಡಿ ಒತ್ತಿ ಹಿಡಿದಿದ್ದಳು.

“ಅಕ್ಕಾ, ಹುಚ್ಚೇನೇ ನಿಂಗೆ? ಬಾರೇ!”

“ಬಂದೆ ಕಣೇ. ಈಗ ಬರುತ್ತೆ ಕರೆಂಟು.”

“ಕೊಡಿ ಅತ್ತಿಗೆ, ನಾನು ಹಿಡೀತೀನಿ,” ಎಂದು ಪ್ಲಂಬರು ಬಗ್ಗಿದ.

“ನಿಂಗೆ ಗೊತ್ತಾಗಲ್ಲಪ್ಪ, ಜಾರುತ್ತೆ ಅದು. ಹೊರಡಿ, ಅಣ್ಣನಿಗೆ ಹೊತ್ತಾಗುತ್ತೆ.”

ತಂಗಿ ಬಟ್ಟೆಯ ಚೀಲವನ್ನು ಬಾಗಿಲಲ್ಲಿ ಕುಕ್ಕಿ, ಅಳುತ್ತಾ ವ್ಯಾನು ಹತ್ತಿದಳು. ಅರ್ಧ ಇಳಿಸಿದ ಷಟರಿನ ಕೆಳಗೆ ಚಕ್ರಗಳು ಉರುಳಿದ್ದು ಕಂಡಿತು.

ಬೆರಳು ಮರಗಟ್ಟತೊಡಗಿತು. ಅತ್ತಿಗೆ ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದಳು. ಆಮೇಲೆ ತನ್ನದೇ ಇನ್ನೊಂದು ಕೈಯ ಬೆರಳಿಟ್ಟಳು.