ಗೋಲ್‌ಕೀಪರನ ಫೋನು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಹೆಂಡತಿ ಮಯೂರಿ ಆಡಿಕೊಳ್ಳುತ್ತಾಳೆ. ಬೆಳಗಿನಿಂದ ಮಲಯ್ ನಾಡಿನ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳಿ, ಸಂಜೆ ಅಲ್ಲಿಯ ಫುಟ್‌ಬಾಲ್ ತಂಡವನ್ನೂ ಮೇಯಿಸುವವನಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳಿ? ಒಂಬತ್ತು ವರ್ಷದಿಂದ ಮ್ಯಾನೇಜರ್ ನಾನು. ಒಂದು ಸಲವೂ ಫೈನಲ್ ಮುಖ ಕಂಡಿರಲಿಲ್ಲ.

ಈ ವರ್ಷ ಆಸೆ ಹುಟ್ಟಿಸಿದವನು ಗೋಲ್‌ಕೀಪರ್ ಮುತಸಿಮ್. ಸುಡಾನಿನವನು. ಮೊದಲೆರಡು ವರ್ಷ ನಮ್ಮ ಕರಾವಳಿಯಲ್ಲಿ ಓದಿ ಇಲ್ಲಿಗೆ ಬಂದಿದ್ದರಿಂದ ಹರಕುಮುರುಕು ಕನ್ನಡ ಬರುತ್ತಿತ್ತು. "ಸರ್, ಮಕಾನ್ ಆಯ್ತಾ?" ಎಂದು ಊಟಕ್ಕೆ ಮಲಯ್ ಪದ ಸೇರಿಸಿ ನನ್ನನ್ನು ನಗಿಸುತ್ತಿದ್ದ. ಅಲ್ಲಿಯ ಅಂತರ್ಯುದ್ಧದಲ್ಲಿ ಅವನ ಊರಿಗೆ ಮುತ್ತಿಗೆ ಬಿದ್ದು ವರ್ಷ ದಾಟಿತ್ತು. ಒಳಗೆ ತಾಯಿ ಒಬ್ಬಳೇ. ಟವರುಗಳೆಲ್ಲ ಉರುಳಿದ್ದವು. ಶನಿವಾರಕ್ಕೊಮ್ಮೆ, ಸ್ಯಾಟಲೈಟ್ ಇಂಟರ್ನೆಟ್ ಇಟ್ಟವನೊಬ್ಬನ ಮನೆ ಮುಂದೆ ಕ್ಯೂ ನಿಂತು ಆಕೆ ಕರೆ ಮಾಡುತ್ತಿದ್ದಳು. ಸರದಿ ಬಂದಾಗ ಮಗ ಎತ್ತದಿದ್ದರೆ ಮತ್ತೆ ಮುಂದಿನ ಶನಿವಾರವೇ. ಇಲ್ಲಿಂದ ತಿರುಗಿ ಮಾಡಿದರೆ ತಾಗುತ್ತಿರಲಿಲ್ಲ.

ನಮ್ಮ ಮ್ಯಾಚುಗಳೂ ಶನಿವಾರ ಸಂಜೆಯೇ. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಅವನ ಫೋನು ನನ್ನ ಅಂಗಿಯ ಜೇಬಿನಲ್ಲಿರುತ್ತದೆ. ರಿಂಗಾದರೆ ನಾನು ಎರಡೂ ಕೈ ಎತ್ತಬೇಕು. ಚೆಂಡು ಹೊರಹೋದ ಕೂಡಲೇ ಅವನು ಓಡಿ ಬರುತ್ತಾನೆ, ಬದಲಿಗೆ ಬೆಂಗಳೂರಿನ ಕೌಶಲ್ ಇಳಿಯುತ್ತಾನೆ. ಹೊರಬಂದವನು ಮತ್ತೆ ಆಡುವಂತಿಲ್ಲ. ಕೌಶಲ್ ಒಳ್ಳೆಯ ಹುಡುಗ, ಆದರೆ ಚೆಂಡು ಬಂದರೆ ಕಣ್ಣು ಮುಚ್ಚುತ್ತಾನೆ. ಹೀಗೆ ಕೈ ಎತ್ತಿ ಎರಡು ಮ್ಯಾಚು ಕಳೆದುಕೊಂಡೆವು.

"ಏನೋ ಕೌಶಲ್, ಗೋಲಲ್ಲಿ ನಿಂತ್ಕೊಂಡು ಜಪ ಮಾಡ್ತೀಯೇನೋ?" ಎಂದು ಅವನ ಮೇಲೆ ಹರಿಹಾಯ್ದಿದ್ದೆ. ನಿಜ ಹೇಳಬೇಕೆಂದರೆ ಸಿಟ್ಟು ಇದ್ದದ್ದು ಆ ಫೋನಿನ ಮೇಲೆ.

ಹೇಗೋ ಸೆಮಿಫೈನಲ್ ತಲುಪಿದೆವು. ಒಂದು ಗೋಲು ಮುಂದಿದ್ದೆವು, ಎಂಟು ನಿಮಿಷ ಉಳಿದಿತ್ತು. ಎದುರಾಳಿಗಳು ನಮ್ಮ ಗೋಲಿನ ಮುಂದೆಯೇ ಠಿಕಾಣಿ ಹೂಡಿದ್ದರು. ಆಗ ಜೇಬು ನಡುಗಿತು. ತೆಗೆದು ನೋಡಿದೆ. ಪರದೆಯ ಮೇಲೆ ತಲೆಗೆ ಬಿಳಿ ಬಟ್ಟೆ ಹೊದ್ದ ಹೆಂಗಸಿನ ಫೋಟೊ. ಎಂಟೇ ನಿಮಿಷ ತಾಯಿ, ಆಮೇಲೆ ಎಷ್ಟು ಬೇಕಾದರೂ ಮಾತಾಡು ಎಂದುಕೊಂಡೆ. ಶಬ್ದ ಅಡಗಿಸಿದೆ. ಮತ್ತೊಮ್ಮೆ ಬಂತು. ಮತ್ತೆ ಅಡಗಿಸಿದೆ. ಕೈ ಎತ್ತಲಿಲ್ಲ.

ಗೆದ್ದೆವು. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಇಳಿದ ಮೇಲೆ ಫೋನು ಕೊಟ್ಟೆ.

"ಗದ್ದಲದಲ್ಲಿ ಕೇಳಿಸ್ಲೇ ಇಲ್ಲ ಕಣೋ."

ಮುತಸಿಮ್ ಎರಡು ಮಿಸ್ಡ್ ಕಾಲ್ ನೋಡಿದ. ತಿರುಗಿ ಮಾಡಿದ, ತಾಗಲಿಲ್ಲ. "ಪರವಾಗಿಲ್ಲ ಸರ್. ನೆಕ್ಸ್ಟ್ ವೀಕ್ ಮಾಡ್ತಾಳೆ," ಎಂದ.

ಬುಧವಾರ ಅವನ ಊರು ಮುತ್ತಿಗೆ ಹಾಕಿದವರ ಕೈಗೆ ಬಿತ್ತು. ಶನಿವಾರ ಫೈನಲ್. ಬೇಡ ಅಂದರೂ ಬಂದು ಗೋಲಿನಲ್ಲಿ ನಿಂತ. ಕಣ್ಣು ಚೆಂಡಿನ ಮೇಲಿರಲಿಲ್ಲ, ನನ್ನ ಕೈಗಳ ಮೇಲಿತ್ತು. ಫೋನು ಸದ್ದು ಮಾಡಲಿಲ್ಲ. ನಾಲ್ಕು ಗೋಲು ಬಿದ್ದವು, ಯಾರೂ ಅವನಿಗೆ ಒಂದು ಮಾತು ಅನ್ನಲಿಲ್ಲ. ಸೋಮವಾರ, ತಪ್ಪಿಸಿಕೊಂಡು ಹೊರಬಂದ ನೆಂಟನೊಬ್ಬನಿಂದ ಸುದ್ದಿ ಬಂತು. ಊರು ಬಿಟ್ಟು ಹೋಗುವ ದಾರಿಯಲ್ಲೇ ತಾಯಿ ಸತ್ತಿದ್ದಳು.

ಮನೆಯಲ್ಲಿ ಮಯೂರಿಗೆ ಎಲ್ಲವನ್ನೂ ಹೇಳಿದೆ.

"ಕಪ್ ಹೆಚ್ಚಾಯ್ತೇನ್ರೀ ನಿಮಗೆ?" ಎಂದಳು. "ಹೋಗಿ, ಆ ಮಗು ಹತ್ರ ನಿಜ ಹೇಳಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಿಂದ ರೋಟಿ ಕಟ್ಟಿಸಿಕೊಂಡು ಹಾಸ್ಟೆಲಿಗೆ ಹೋದೆ. ಅವನು ಮಂಚದ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅಂಥ ಹೊತ್ತಿನಲ್ಲೂ ಎದ್ದು ನಿಂತನಲ್ಲ.

"ಮುತಸಿಮ್, ಅವತ್ತು ನಂಗೆ ಕೇಳಿಸ್ತು ಕಣೋ," ಎಂದೆ. "ಎರಡು ಸಲಾನೂ. ಮ್ಯಾಚ್ ಹೋಗ್ಬಿಡುತ್ತೆ ಅಂತ ಕೈ ಎತ್ತಲಿಲ್ಲ. ಸುಳ್ಳು ಹೇಳಿದೆ."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವನು ನೆಲ ನೋಡುತ್ತಿದ್ದ. ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುತ್ತಿದ್ದ.

"ನನ್ನನ್ನು ಕರೀಲಿಲ್ಲ, ಪರವಾಗಿಲ್ಲ ಸರ್. ನೀವೇ ಫೋನ್ ಎತ್ತಬಹುದಿತ್ತು," ಎಂದ. "ನಿಮಗೆ ಅರಬಿ ಬರಲ್ಲ. ಬೇಡ. ಮುತಸಿಮ್, ಮುತಸಿಮ್ ಅಂತ ಎರಡು ಸಲ ಹೇಳಿದ್ರೆ ಸಾಕಿತ್ತು. ಮಗನ ಜೊತೆ ಯಾರೋ ಇದ್ದಾರೆ ಅಂತ ಅವಳಿಗೆ ಗೊತ್ತಾಗ್ತಿತ್ತು."