ಮಾರೆಪ್ಪನ ದಪ್ಪ ವೈರು

"ಈಗ ವಿನಂಡಿ ಸಾರೂ, ಕೇಳ್ರಿ!" ಎನ್ನುತ್ತ ಮಾರೆಪ್ಪ ಮೊಣಕಾಲು ಝಾಡಿಸಿ ಎದ್ದು ಗೋಡೆಯ ಸ್ವಿಚ್ಚು ಒತ್ತಿದ. ರೆಕಾರ್ಡು ತಿರುಗತೊಡಗಿತು, ಸೂಜಿ ಇಳಿಯಿತು, ಟೇಬಲ್ಲಿನ ಮೇಲಿದ್ದ ಪೆಟ್ಟಿಗೆಯಿಂದ ವೀಣೆ ಹೊಮ್ಮಿತು.

ಆರಾಮಕುರ್ಚಿಯಲ್ಲಿ ಒರಗಿದ್ದ ಜಯತೀರ್ಥರು ಕಣ್ಣು ಮುಚ್ಚಿಕೊಂಡರು. ಆಮೇಲೆ ತೊಡೆಯ ಮೇಲಿದ್ದ ಬೆರಳು ತಾನಾಗಿಯೇ ತಾಳ ಹಾಕತೊಡಗಿತು.

"ಬಂತು! ತಾಳದ ತಂತಿ ಬಂತು ನೋಡಪಾ! ಎಷ್ಟು ತಿಂಗಳಾಗಿತ್ತು ಈ ಕಿಣಿಕಿಣಿ ಕೇಳಿ!"

"ಕರೆಂಟು ಅಂದ್ರ ನೀರು ಇದ್ದಂಗ ಸಾರೂ," ಎಂದ ಮಾರೆಪ್ಪ. ಬಜಾರಿನಲ್ಲಿ ಅವನದು ರೇಡಿಯೋ ರಿಪೇರಿ ಅಂಗಡಿ. "ಸಣ್ಣ ನಳಕ್ಕ ಸಣ್ಣ ನೀರು, ದೊಡ್ಡ ನಳಕ್ಕ ದೊಡ್ಡ ನೀರು. ನಿಮ್ಮ ಹಳೇ ವೈರು ದಾರ ಇದ್ದಂಗಿತ್ತು. ಇದು ಹತ್ತಿ ಜಿನ್ನಿಂಗ್ ಫ್ಯಾಕ್ಟ್ರಿ ಮೋಟಾರಿಂದು. ಒಳಗ ಬರೇ ತಾಮ್ರ ಐತಿ. ಆದ್ರ ತುಂಡು ಗಿಡ್ಡ ಆತು, ಅದಕ್ಕs ಟೇಬಲ್ ಈ ಕಡಿ ತರಬೇಕಾತು."

ಅಡಿಗೆಮನೆಯ ಹೊಸ್ತಿಲಲ್ಲಿ ಮೆಂತ್ಯೆಸೊಪ್ಪು ಸೋಸುತ್ತಿದ್ದ ಪ್ರೇಮಾಬಾಯಿ ಕೈ ನಿಲ್ಲಿಸಿ ಆಲಿಸಿದರು. ನಿನ್ನೆಯೂ ಇದೇ ವೀಣೆ, ಇದೇ ಕಿಣಿಕಿಣಿ. ಅವರಿಗೆ ಸಾಸಿವೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಆದರೆ ಗಂಡನ ಮುಖ ನೋಡಿದರೆ ಸುಳ್ಳು ಹೇಳುವ ಮುಖವೂ ಅದಲ್ಲ. ದಪ್ಪ ವೈರು ಒಬ್ಬರ ಕಿವಿಗೆ ಮಾತ್ರ ಕೆಲಸ ಮಾಡುತ್ತದೆಯೇ? ಇದೆಂಥ ಚೋದ್ಯ ಎಂದುಕೊಂಡು ಕಡ್ಡಿ ಬೇರೆ ಎಲೆ ಬೇರೆ ಮಾಡಿದರು.

ಮಾರೆಪ್ಪ ಹೋದ ಮೇಲೆ ಜಯತೀರ್ಥರು ಹುರುಪಿನಿಂದ ಅಡಿಗೆಮನೆಯ ಬಾಗಿಲಿಗೇ ಬಂದು ನಿಂತರು.

"ನಾಡಿದ್ದು ಸಾಹುಕಾರಗ ಹೇಳಿಬಿಡ್ತೀನಿ. ನಮ್ಮ ಅಂಗಡಿ ಟೆಲಿಫೋನಿಗೂ ಇಂಥಾದ್ದs ದಪ್ಪ ವೈರು ಹಾಕಸ್ರಿ ಅಂತ. ತಪ್ಪು ನಂದಲ್ಲ, ವೈರಿಂದು ಅಂತ ಎಲ್ಲಾರ ಮುಂದ ಹೇಳ್ತೀನಿ."

ಪ್ರೇಮಾಬಾಯಿ ಸೋಸಿದ ಸೊಪ್ಪನ್ನು ಬದಿಗಿಟ್ಟರು. ಹತ್ತಿ ಮಾರ್ಕೆಟ್ಟಿನ ಸಾಹುಕಾರ ಯರ್ರೆಪ್ಪನವರ ದಲಾಲಿ ಅಂಗಡಿಯಲ್ಲಿ ಬೊಂಬಾಯಿಯ ಟ್ರಂಕ್ ಕಾಲ್ ತೆಗೆದುಕೊಂಡು ಧಾರಣೆ ಬರೆದುಕೊಳ್ಳುವುದು ಜಯತೀರ್ಥರ ಕೆಲಸ. ಮದುವೆಯಾದಾಗಿನಿಂದ ಅದೇ ಕೆಲಸ, ಅದೇ ಟೆಲಿಫೋನು. ಈ ಸುಗ್ಗಿಯಲ್ಲಿ ಎರಡು ಸಲ ಅಂಕಿ ತಪ್ಪು ಬರೆದಿದ್ದರು. ಇನ್ನೊಂದು ಸಲ ಹೀಗಾದರೆ ಟೆಲಿಫೋನಿಗೆ ತನ್ನ ಅಳಿಯನನ್ನು ಕೂಡಿಸಿ, ಇವರನ್ನು ಗೋದಾಮಿಗೆ ಹಾಕುವುದಾಗಿ ಸಾಹುಕಾರ ಅಂದಿದ್ದ. ಗೋದಾಮಿನ ಹತ್ತಿಧೂಳಿನಲ್ಲಿ ಉಬ್ಬಸದ ಈ ಮನುಷ್ಯ ಒಂದು ಸುಗ್ಗಿ ಕಳೆಯುವುದೂ ಕಷ್ಟವಿತ್ತು.

"ಟೆಲಿಫೋನಿಗೆ ಮೋಟಾರಿನ ವೈರು ಹಾಕ್ರಿ ಅಂದ್ರ ಅವರು ನಗೂದಿಲ್ಲೇನು?"

"ನಗ್ಲಿ. ಕೇಳಿಸಿದ ಮ್ಯಾಲೆ ಸುಮ್ಮನಾಗ್ತಾರ. ನೀನs ಕೇಳಿದಿಲ್ಲೋ ಈಗ?"

ಕೇಳಿದ್ದರು. ಅದಕ್ಕೇ ಅವರಿಗೆ ಚಿಂತೆ.

ಮರುದಿನ ಅಮಾವಾಸ್ಯೆ, ಮಾರ್ಕೆಟ್ಟಿಗೆ ರಜೆ. ಗಂಡ ಬಚ್ಚಲಿಗೆ ಹೋದದ್ದನ್ನು ನೋಡಿಕೊಂಡು ಪ್ರೇಮಾಬಾಯಿ ಟೇಬಲ್ಲಿನ ಹಿಂದೆ ಬಗ್ಗಿದರು. ಇಸ್ತ್ರಿಪೆಟ್ಟಿಗೆಯ ವೈರಿನಂತೆ ಹಿಂದೆ ಚುಚ್ಚಿ ತೆಗೆಯುವಂಥದು ಅದು. ದಪ್ಪದ್ದನ್ನು ಕಿತ್ತು ಸೆರಗಿನೊಳಗೆ ಸುತ್ತಿಟ್ಟುಕೊಂಡು, ಮೂಲೆಗೆ ಎಸೆದಿದ್ದ ಹಳೆಯದನ್ನು ಸಿಕ್ಕಿಸಿದರು. ಟೇಬಲ್ಲನ್ನು ಮಾತ್ರ ಮಾರೆಪ್ಪ ಇಟ್ಟಲ್ಲೇ ಬಿಟ್ಟರು.

ಜಯತೀರ್ಥರು ಬಂದು ಕಾಫಿಯ ಲೋಟ ಹಿಡಿದು ಕುರ್ಚಿಯಲ್ಲಿ ಕುಳಿತರು. "ಹಚ್ಚು ನೋಡೋಣ."

ವೀಣೆ ಸುರುವಾಯಿತು. "ಆಹಾ," ಎಂದರು. "ಇವತ್ತು ಇನ್ನಾ ಛಂದ ಅದ. ವೈರು ಪಳಗ್ತಾ ಹೋಗ್ತದ ಅಂತ ಕಾಣಸ್ತದ."

ಪ್ರೇಮಾಬಾಯಿಗೆ ನಗು ಉಕ್ಕಿ ಬಂತು. ಸೆರಗಿನೊಳಗಿನ ವೈರು ಸೊಂಟಕ್ಕೆ ಒತ್ತುತ್ತಿತ್ತು. ಹಾಗಾದರೆ ಇದೆಲ್ಲ ಮನಸ್ಸಿನ ಆಟ. ಹೇಳಿಬಿಟ್ಟರೆ ಮುಗಿಯಿತು ಎಂದು ಬಾಯಿ ತೆರೆದವರು ಹಾಗೇ ನಿಂತರು. ಇಷ್ಟು ತಿಂಗಳು ಇದೇ ಹಳೆಯ ವೈರಿನಲ್ಲೇ ಅಲ್ಲವೇ ಇವರು ತಾಳದ ತಂತಿ ಕೇಳಿಸುವುದಿಲ್ಲವೆಂದು ಗೋಳಾಡಿದ್ದು? ಸೂಜಿ ಬದಲಿಸಿದರು, ಸ್ಪೀಕರು ಬದಲಿಸಿದರು. ಆಗ ಯಾಕೆ ಮನಸ್ಸು ಆಟ ಆಡಲಿಲ್ಲ? ಆಗಿಗೂ ಈಗಿಗೂ ಬದಲಾದದ್ದು ಟೇಬಲ್ಲಿನ ಜಾಗವೊಂದೇ.

ಮಧ್ಯಾಹ್ನ ಅವರು ಎಲೆಅಡಿಕೆ ತರಲು ಹೊರಗೆ ಹೋದಾಗ ಪ್ರೇಮಾಬಾಯಿ ಟೇಬಲ್ಲನ್ನು ಎಳೆದು ಮೊದಲಿನ ಜಾಗಕ್ಕೆ, ಕಿಟಕಿಯ ಹತ್ತಿರ, ತಂದಿಟ್ಟರು. ಹಳೆಯ ವೈರಿಗೆ ಅಷ್ಟುದ್ದ ಇತ್ತು. ತಾವೇ ಆರಾಮಕುರ್ಚಿಯಲ್ಲಿ ಕುಳಿತು ಕೇಳಿದರು. ಮತ್ತೆ ಎದ್ದು ಟೇಬಲ್ಲನ್ನು ಈಚೆ ಎಳೆದು ಕೇಳಿದರು. ಎರಡೂ ಒಂದೇ. ಗೋಡೆಯದೂ ತಪ್ಪಿಲ್ಲ, ಕಿಟಕಿಯದೂ ತಪ್ಪಿಲ್ಲ. ಕೊನೆಗೆ ಕಿಟಕಿಯ ಹತ್ತಿರವೇ ಬಿಟ್ಟು ಅಂಗೈಯಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಇವರು ಬಂದರು.

"ಯಾಕ, ಟೇಬಲ್ ಸರಿಸೀಯಲ್ಲ?"

"ಕಸಾ ಹೊಡಿಬೇಕಾಗಿತ್ತು. ಕೂಡ್ರಿ, ಹಚ್ಚತೀನಿ."

ಜಯತೀರ್ಥರು ಕುಳಿತರು. ವೀಣೆ ಬಂತು. ಅವರ ಹುಬ್ಬು ಗಂಟಾಯಿತು. "ಮತ್ತ ಹೋತಲ್ಲ! ಗೋಣಿಚೀಲದಾಗಿಂದ ಬಂದಂಗ ಆಗೇದ." ಎನ್ನುತ್ತ ಮುಖವನ್ನು ನಿಧಾನವಾಗಿ ಕಿಟಕಿಯ ಕಡೆ ಹೊರಳಿಸಿದರು. ಕಿಟಕಿಯನ್ನೂ ದಾಟಿ, ಕುತ್ತಿಗೆ ಹಿಂದಕ್ಕೆ ತಿರುಗಿ ನೋಯುವಷ್ಟು ಹೊರಳಿಸಿದರು. ಬಲಗಿವಿ ಪೆಟ್ಟಿಗೆಯ ಕಡೆ ಬಂದಾಗ ಹುಬ್ಬು ಬಿಚ್ಚಿಕೊಂಡಿತು.

ಪ್ರೇಮಾಬಾಯಿ ಅದನ್ನು ನೋಡಿದರು. ಕಿಟಕಿ ಇರುವುದು ಕುರ್ಚಿಯ ಎಡಕ್ಕೆ. ಗಿಡ್ಡ ವೈರಿಗಾಗಿ ಮಾರೆಪ್ಪ ಟೇಬಲ್ ಎಳೆದದ್ದು ಬಲಕ್ಕೆ. ಇದನ್ನು ಹೇಳುವುದು ಹೇಗೆ? ಹೇಳದಿದ್ದರೆ ನಾಳೆ ಇವರು ಎಲ್ಲರ ಮುಂದೆ ನಿಂತು ಟೆಲಿಫೋನಿಗೆ ಮೋಟಾರಿನ ವೈರು ಕೇಳುತ್ತಾರೆ.

ಅವರು ಕುತ್ತಿಗೆ ನೆಟ್ಟಗೆ ಮಾಡಿಕೊಂಡ ಮೇಲೆ ಕುರ್ಚಿಯ ಎಡಗಡೆ, ಸ್ವಲ್ಪ ಹಿಂದೆ ನಿಂತು ಮೆಲ್ಲಗೆ ಅಂದರು: "ವೈರು ಮುಂಜಾನಿಂದಾನೂ ಹಳೇದs ಅದ."

ಜಯತೀರ್ಥರು ಅಲುಗಲಿಲ್ಲ.

ಬಲಗಡೆ ಬಂದು ಅಷ್ಟೇ ಮೆಲ್ಲಗೆ ಮತ್ತೊಮ್ಮೆ ಅಂದರು.

"ಏನಂದಿ? ಹಳೇದು?" ಅವರು ಥಟ್ಟನೆ ತಿರುಗಿದರು. "ಮತ್ತ ಮುಂಜಾನೆ ಅಷ್ಟು ಛಂದ ಕೇಳಿಸ್ತಲ್ಲ!"

ಪ್ರೇಮಾಬಾಯಿ ಸೆರಗಿನಿಂದ ದಪ್ಪ ವೈರು ತೆಗೆದು ಅವರ ಮಡಿಲಿಗೆ ಇಟ್ಟರು. "ಇದನ್ನs ಈ ಕಡಿ ನಿಂತು ಒಂದು ಸರ್ತಿ ಹೇಳಿದ್ದೆ. ನಿಮಗ ಕೇಳಿಸಲಿಲ್ಲ," ಎಂದು ಅವರ ಎಡಹೆಗಲನ್ನು ಮುಟ್ಟಿದರು.

ಜಯತೀರ್ಥರ ಮುಖ ಕೆಂಪಾಯಿತು. "ಹುಚ್ಚಿ! ನನ್ನ ಕಿವೀನ ಪರೀಕ್ಷಾ ಮಾಡ್ಲಿಕ್ಕೆ ಹತ್ತೀಯೇನು?" ಎಂದು ಗದರಿದರು. ವೈರನ್ನು ಎಸೆಯುವವರಂತೆ ಕೈ ಎತ್ತಿದರು, ಎಸೆಯಲಿಲ್ಲ. ಪೆಟ್ಟಿಗೆಯಲ್ಲಿ ವೀಣೆ ತನ್ನ ಪಾಡಿಗೆ ತಾನು ನುಡಿಯುತ್ತಿತ್ತು. ಅವರು ಬಲಗಿವಿಯೊಳಗೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಬೆರಳು ತೆಗೆದರು. ಮತ್ತೆ ಇಟ್ಟುಕೊಂಡರು. ರೆಕಾರ್ಡು ಮುಗಿದು ಸೂಜಿ ಬರಬರ ಅನ್ನುತ್ತಿದ್ದರೂ ಯಾರೂ ಎತ್ತಲಿಲ್ಲ.

"ಟೆಲಿಫೋನು ನಾ ಎಡಗಿವಿಗೆ ಹಿಡೀತೀನಿ," ಎಂದರು ಕೊನೆಗೆ. "ಬಲಗೈಲೆ ಬರೀಬೇಕಲ್ಲ."

"ಬಲಗಿವಿಗೆ ಹಿಡಿದ್ರ?"

"ಬರಿಯಾವರು ಯಾರು, ನೀನು ಬರ್ತೀಯೇನು ಅಂಗಡಿಗೆ?"

"ಕರದ್ರ ಬರ್ತೀನಿ. ಯರ್ರೆಪ್ಪನವರಿಗೆ ಒಗ್ಗರಣಿ ಅವಲಕ್ಕಿನೂ ಸಿಗ್ತದ."

ಜಯತೀರ್ಥರಿಗೆ ನಗು ಬಂತು. ಅದನ್ನು ಮರೆಮಾಡಲು ಎದ್ದು ಹೋಗಿ ಸೂಜಿ ಎತ್ತಿಟ್ಟರು.

ಸಂಜೆ ದೀಪ ಹಚ್ಚಿ ಬಂದ ಪ್ರೇಮಾಬಾಯಿ ನೋಡುವಾಗ, ಅವರು ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಬಲಗೈಯಲ್ಲಿ ಸಾರಿನ ಸೌಟು, ಅದರ ಗುಂಡಿಯನ್ನು ಟೆಲಿಫೋನಿನಂತೆ ಬಲಗಿವಿಗೆ ಆನಿಸಿದ್ದರು. ಎಡಗೈಯಲ್ಲಿ ಸುಣ್ಣದಕಡ್ಡಿ. ನೆಲದ ಮೇಲೆ ಬರೆದಿದ್ದ ಅಂಕಿಗಳು ಒಂದರ ಮೇಲೊಂದು ಬಿದ್ದಿದ್ದವು. ಎಂಟು ಎಂಬುದು ಮಗ್ಗುಲಾಗಿ ಮಲಗಿತ್ತು.

"ಅಯ್ಯ, ಮಡಿ ಸೌಟು ಅದು!"

"ಇರ್ಲಿ, ಆಮ್ಯಾಲೆ ತೊಳ್ಕೋ. ನೀ ಒಳಗ ನಿಂತು ಧಾರಣಿ ಕೂಗು. ಬೊಂಬಾಯಿಯವರು ಗಡಿಬಿಡಿ ಮಾಡ್ತಾರ, ಹಂಗs ಕೂಗಬೇಕು ಮತ್ತ."

ಪ್ರೇಮಾಬಾಯಿ ಒಲೆಯ ಮುಂದೆ ನಿಂತು ಬಾಯಿಗೆ ಬಂದ ಅಂಕಿಗಳನ್ನು ಗಟ್ಟಿಯಾಗಿ ಕೂಗಿದರು. ಹೊರಗೆ ಕಡ್ಡಿ ಕಿರುಗುಟ್ಟಿತು. "ಸರಿ, ಮುಂದ," ಎಂದು ಅವರು ಕೂಗಿದರು. ಪ್ರೇಮಾಬಾಯಿ ಮುಂದಿನದನ್ನು ಸ್ವಲ್ಪ ದನಿ ತಗ್ಗಿಸಿ ಹೇಳಿದರು. ಅದರ ಮುಂದಿನದನ್ನು, ಒಂಬತ್ತನ್ನು, ಕುದಿಯುವ ಸಾರಿನ ಸದ್ದಿಗಿಂತ ಒಂದಿಷ್ಟು ಮೇಲೆ ಕೇಳಿಸುವಷ್ಟೇ. ಹೇಳಿ ಬಾಗಿಲಿನಿಂದ ಇಣುಕಿದರು.

ಎಡಗೈ ಅರೆಗಳಿಗೆ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಕಲ್ಲಿನ ಮೇಲೆ ಇಳಿದು, ಸೊಟ್ಟಸೊಟ್ಟಗೆ, ಒಂಬತ್ತರ ತಲೆಯನ್ನು ಸುತ್ತತೊಡಗಿತು.