ಎಡಕ್ಕೆ ಸುತ್ತಿದ ಬಳ್ಳಿಗಳು

ಅನೇಜೋ ನೆಟ್ಟಗೆ ನಿಂತದ್ದನ್ನು ನಮ್ಮೂರಿನಲ್ಲಿ ನನ್ನ ತಲೆಮಾರಿನವರು ಯಾರೂ ಕಂಡವರಲ್ಲ. ಸೊಂಟದಿಂದ ಮೇಲಿನ ದೇಹವನ್ನು ನೆಲಕ್ಕೆ ಬಾಗಿಸಿ, ಎರಡೂ ಕೈಗಳನ್ನು ಬೆನ್ನ ಮೇಲೆ ಕಟ್ಟಿಕೊಂಡು, ಏನನ್ನೋ ಕಳೆದುಕೊಂಡು ಹುಡುಕುವವಳ ಹಾಗೆ ನಡೆಯುತ್ತಿದ್ದಳು. ಗ್ರೀಸಿನ ನಮ್ಮ ಥೀರಾ ದ್ವೀಪದ ದ್ರಾಕ್ಷಿ ಬೆಳೆಗಾರರೆಲ್ಲ ಕೊನೆಗಾಲಕ್ಕೆ ಅಷ್ಟಿಷ್ಟು ಬಾಗುವವರೇ. ಇಲ್ಲಿನ ಗಾಳಿ ಯಾವ ಬಳ್ಳಿಯನ್ನೂ ಚಪ್ಪರಕ್ಕೆ ಹಬ್ಬಗೊಡುವುದಿಲ್ಲ. ಅದನ್ನು ಬೂದಿಮಣ್ಣಿನ ಮೇಲೆಯೇ, ಕೊಡ ಹೊರುವವರ ತಲೆಯ ಸಿಂಬಿಯಂತೆ, ಪ್ರತಿ ಚಳಿಗಾಲವೂ ಸುತ್ತುತ್ತ ಸುತ್ತುತ್ತ ಬುಟ್ಟಿ ಕಟ್ಟಬೇಕು. ಗೊಂಚಲು ಆ ಬುಟ್ಟಿಯೊಳಗೆ ಅಡಗಿಕೊಂಡು ಹಣ್ಣಾಗಬೇಕು. ಆದರೆ ಅನೇಜೋಳಷ್ಟು ಬಾಗಿದವರು ಇನ್ನೊಬ್ಬರಿರಲಿಲ್ಲ, ಅವಳಷ್ಟು ನೇರ ನಾಲಿಗೆಯವರೂ ಇರಲಿಲ್ಲ.

ಬೇಸಿಗೆಯಲ್ಲೂ ಮೈಬಿಡದ ಅವಳ ಕಪ್ಪು ನೀಲಿ ಕೋಟು ಗಂಡಸಿನದು, ನಾವಿಕನದು. ತೋಳುಗಳನ್ನು ದಪ್ಪಗೆ ಮಡಿಚಿಕೊಂಡಿರುತ್ತಿದ್ದಳು. ಅದರ ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಕಿರುಗರಗಸ. ಆ ಗರಗಸವೇ ಊರಿನಲ್ಲಿ ಅವಳ ಅಧಿಕಾರ. ಬುಟ್ಟಿ ಮುಪ್ಪಾಗಿ ಕಾಯಿ ಬಿಡುವುದು ಕಡಿಮೆಯಾದಾಗ ಅದನ್ನು ಕುತ್ತಿಗೆಯ ಬಳಿ ಕೊಯ್ದು ತೆಗೆಯಬೇಕು. ಆಗ ಅಜ್ಜ ಮುತ್ತಜ್ಜರ ಕಾಲದ ಬೇರು ಹೊಸದಾಗಿ ಚಿಗುರುತ್ತದೆ. ತಡ ಮಾಡಿದರೆ ಹಳೆಯ ಕಟ್ಟಿಗೆಯೇ ಬೇರಿನ ಸತ್ವವನ್ನೆಲ್ಲ ತಿಂದು ಮುಗಿಸುತ್ತದೆ. ಆದರೆ ತಮ್ಮವರು ಸುತ್ತಿದ ಬುಟ್ಟಿಯನ್ನು ಮನೆಯವರು ತಾವೇ ಕೊಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಅನೇಜೋ ಬರಬೇಕು. ಮನೆಮಂದಿ ಸುತ್ತ ಮಂಡಿಯೂರುತ್ತಾರೆ, ಅವಳು ಕೊಯ್ಯುತ್ತಾಳೆ, ಮಣ್ಣು ಮುಚ್ಚುತ್ತಾಳೆ, ಮತ್ತೆ ಅದೇ ಎರಡು ಮಾತು: “ಮುಗೀತು, ಏಳಿ.”

ನಮ್ಮ ನೆರೆಮನೆಯ ಫ್ರಾಂಗಿಸ್ಕೋಸ್, ತೀರಿಕೊಂಡ ತನ್ನ ತಂದೆಯ ಬುಟ್ಟಿಗಳನ್ನು ಅವಳು ಕೊಯ್ಯುವಾಗ ಬಿಕ್ಕಿಬಿಕ್ಕಿ ಅತ್ತಿದ್ದ. ಅನೇಜೋ ಗರಗಸ ನಿಲ್ಲಿಸಿ ಕತ್ತೆತ್ತಿದಳು.

“ಈಗ ಅಳ್ತೀಯಲ್ಲೋ, ನಿಮ್ಮಪ್ಪ ಇದ್ದಾಗ ಒಂದಿನ ಬಂದು ಅವನ ಜೊತೆ ಬಗ್ಗಿದ್ಯಾ? ಕಟ್ಟಿಗೆ ತಗೊಂಡ್ಹೋಗಿ ಒಲೆಗಿಡು, ರೊಟ್ಟಿ ಚೆನ್ನಾಗಿ ಬೇಯುತ್ತೆ. ಬೇರು ಉಳಿಸ್ಕೋ, ಸಾಕು.”

ನಾವೆಲ್ಲ ನಕ್ಕೆವು. ಅವಳ ಎದುರಿಗೆ ಅಳು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಆ ಕೋಟು ಅವಳ ಗಂಡ ಯಾಕೊವೋಸನದು. ಎಡಚ. ಪ್ರಾರ್ಥನಾ ಮಂದಿರದ ಗೋಡೆಯ ಪಕ್ಕದ ತುಂಡುನೆಲದಲ್ಲಿ ಅವನು ಸುತ್ತಿದ ಬಳ್ಳಿಗಳು, ಊರಿನ ಬಳ್ಳಿಗಳೆಲ್ಲ ಬಲಕ್ಕೆ ತಿರುಗಿದ್ದರೆ, ಎಡಕ್ಕೆ ತಿರುಗಿದ್ದವು. ಮದುವೆಯಾದ ಕೆಲವೇ ವರ್ಷಗಳಲ್ಲಿ ಸರಕಿನ ಹಡಗು ಹತ್ತಿದ. ಆ ಹಡಗು ಯಾವ ಬಂದರನ್ನೂ ಮುಟ್ಟಲಿಲ್ಲ. ಅನೇಜೋ ವಿಧವೆಯ ಕಪ್ಪು ತಲೆವಸ್ತ್ರ ಹೊದೆಯಲಿಲ್ಲ, ಸತ್ತವರ ಹೆಸರಿನಲ್ಲಿ ಎಲ್ಲರೂ ಬೇಯಿಸುವ ಗೋಧಿಯನ್ನು ಅವನಿಗಾಗಿ ಬೇಯಿಸಲಿಲ್ಲ. ಚಳಿಗಾಲ ಬಂದಾಗಲೆಲ್ಲ ಆ ಬಳ್ಳಿಗಳ ಹೊಸ ಕುಡಿಗಳನ್ನು, ಬಲಗೈಯವಳಾದ ಅವಳು, ಕಷ್ಟಪಟ್ಟು ಎಡಕ್ಕೇ ಸುತ್ತಿದಳು. ಆ ಹಣ್ಣನ್ನು ಬೇರೆಯಾಗಿಯೇ ಮಾಳಿಗೆಯ ಮೇಲೆ ಒಣಗಿಸಿ, ಹಿಂಡಿ, ಒಂದು ಸಣ್ಣ ಪೀಪಾಯಿಯಲ್ಲಿ ಸಿಹಿ ವೈನ್ ಕೂಡಿಟ್ಟಳು. ಯಾರಿಗೂ ಒಂದು ಹನಿ ಕೊಟ್ಟವಳಲ್ಲ.

“ಬಂದವನೇ ಕೇಳ್ತಾನೆ, ನನಗೇನಿಟ್ಟಿದೀಯೇ ಅಂತ. ಖಾಲಿ ಪೀಪಾಯಿ ತೋರಿಸ್ಲಾ?” ಎನ್ನುತ್ತಿದ್ದಳು. ಅದಕ್ಕೆ ಎದುರಾಡುವ ಧೈರ್ಯ ಪಾದ್ರಿಗೂ ಇರಲಿಲ್ಲ.

ಮಳೆ ಕೈಕೊಟ್ಟ ವರ್ಷಗಳು ಒಂದರ ಹಿಂದೊಂದು ಬಂದವು. ಎಡಬುಟ್ಟಿಗಳಲ್ಲಿ ಗೊಂಚಲು ಅಂಗೈಯಷ್ಟಾಯಿತು, ಆಮೇಲೆ ಹೆಬ್ಬೆರಳಿನಷ್ಟು. ಇದರ ಅರ್ಥ ಅವಳಿಗೆ ತಿಳಿಯದೆ ಇನ್ನಾರಿಗೆ ತಿಳಿಯಬೇಕು! ನಾವು ಕಂಡೂ ಕಾಣದವರಂತೆ ದಾಟಿ ಹೋಗುತ್ತಿದ್ದೆವು. ಫ್ರಾಂಗಿಸ್ಕೋಸ್ ಒಬ್ಬನೇ ಒಮ್ಮೆ ಬಾಯಿಬಿಟ್ಟ.

“ದೊಡ್ಡಮ್ಮ, ಊರಿಗೆಲ್ಲ ಬುದ್ಧಿ ಹೇಳೋರು ನೀವು. ಇವಕ್ಕೆ ಯಾವಾಗ?”

“ನಿನ್ನ ತೋಟ ನೋಡ್ಕೋ ಹೋಗೋ, ಅಳುಬುರುಕ.”

ಅವನು ಮತ್ತೆ ಕೇಳಲಿಲ್ಲ. ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವಳೇ ಅವನ ಬಾಗಿಲಿಗೆ ಬಂದು, ಗರಗಸದ ಹಿಡಿಯನ್ನು ಅವನ ಕಡೆ ಚಾಚಿದಳು. “ನೀನೇ ಬಾ. ನನ್ನ ಕೈಲಾಗಲ್ಲ.”

ನಾನೂ ಹೋದೆ. ಅನೇಜೋ ಗೋಡೆಯ ಪಕ್ಕ ಮಂಡಿಯೂರಿದಳು. ಮಂಡಿಯೂರುವವರ ಜಾಗದಲ್ಲಿ ಅವಳನ್ನು ನೋಡುವ ಅಭ್ಯಾಸ ನಮಗಿರಲಿಲ್ಲ. ಫ್ರಾಂಗಿಸ್ಕೋಸ್ ಕೊಯ್ದ. ಕಟ್ಟಿಗೆ ಹಸಿ ವಾಸನೆ ಕೊಡಲಿಲ್ಲ, ಒಣಸೌದೆಯಂತೆ ಸೀಳಿಹೋಯಿತು. ಅವಳು ಉಗುರಿನಿಂದ ಬೇರಿನ ತೊಗಟೆ ಕೆರೆದು ಹಸಿರು ಹುಡುಕಿದಳು, ಒಂದಾದ ಮೇಲೊಂದು, ಎಲ್ಲದರಲ್ಲೂ. ಮಣ್ಣು ಮುಚ್ಚಿದ್ದಾಯಿತು. ಆ ಎರಡು ಮಾತು ಹೇಳುವವರಿಲ್ಲದೆ ಅಲ್ಲೇ ಕುಳಿತೆವು.

ವಸಂತದಲ್ಲಿ ಊರೆಲ್ಲ ಚಿಗುರಿತು, ಗೋಡೆಯ ಪಕ್ಕ ಒಂದು ಕಣ್ಣೂ ಒಡೆಯಲಿಲ್ಲ. ಈಸ್ಟರ್ ಕಳೆಯುವವರೆಗೂ ಅವಳು ದಿನಾ ಹೋಗಿ ಮಣ್ಣು ಸರಿಸಿ ನೋಡುತ್ತಿದ್ದಳು. ಕೊನೆಗೆ ನನ್ನ ಮುಂದೆ ಹೇಳಿದಳು: “ತಡ ಮಾಡ್ಬಿಟ್ಟೆ ಕಣೋ. ಬೇರೆಯವರಾಗಿದ್ರೆ ಬೈದು ಮಾನ ಕಳೀತಿದ್ದೆ.”

ಸತ್ತವರನ್ನು ನೆನೆಯುವ ಶನಿವಾರ ಬಂತು. ಅನೇಜೋಳ ಮನೆಯಿಂದ ಬಳ್ಳಿಕಟ್ಟಿಗೆಯ ಹೊಗೆ ಎದ್ದಿತು. ಯಾಕೊವೋಸ್ ಸುತ್ತಿದ ಬುಟ್ಟಿಗಳನ್ನೇ ಒಲೆಗಿಟ್ಟು ಗೋಧಿ ಬೇಯಿಸಿದ್ದಳು. ಮೇಲೆ ಸಕ್ಕರೆ, ಒಣದ್ರಾಕ್ಷಿ. ಗೋಧಿಯ ತಟ್ಟೆಯೊಂದಿಗೆ ಆ ಸಣ್ಣ ಪೀಪಾಯಿಯನ್ನೂ ಚರ್ಚಿಗೆ ತಂದಳು. ಪಾದ್ರಿ ಹೆಸರು ಕೇಳಿದಾಗ ಗಂಡನ ಹೆಸರನ್ನು ಸತ್ತವರ ಸಾಲಿನಲ್ಲಿ ಮೊದಲ ಬಾರಿ ಉಚ್ಚರಿಸಿದಳು. ಎಲ್ಲರ ಲೋಟಕ್ಕೂ ತಾನೇ ಸುರಿದಳು. ಕಪ್ಪಗೆ ಮಂದವಾಗಿದ್ದ ಆ ವೈನಿನಷ್ಟು ಸಿಹಿಯಾದುದನ್ನು ನಾನು ಕುಡಿದಿಲ್ಲ. ಮೇಣದ ಬತ್ತಿಯ ಮುಂದೆ ಮಂಡಿಯೂರಿದ ಅವಳು ಮೇಲೇಳಲೇ ಇಲ್ಲ. ಜನ ಒಬ್ಬೊಬ್ಬರೇ ಹೊರಗೆ ಹೋದರು. ಫ್ರಾಂಗಿಸ್ಕೋಸ್ ಅವಳಷ್ಟೇ ಬಾಗಿ ಕೈಕೊಟ್ಟ.

“ಮುಗೀತು ದೊಡ್ಡಮ್ಮ, ಏಳಿ.”

ಅವಳು ಅವನ ಕೈ ಹಿಡಿದು ಎದ್ದಳು.

ಪ್ರತಿ ಊರಿನಲ್ಲೂ ಇಂಥವರೊಬ್ಬರು ಇರುತ್ತಾರೆ. ಪರರ ದುಃಖಕ್ಕೆ ಗರಗಸ ಹಿಡಿಯುವ ಅವರ ಕೈ ನಡುಗುವುದಿಲ್ಲವೆಂದು ನಾವು ನಿಶ್ಚಿಂತೆಯಿಂದಿರುತ್ತೇವೆ. ಅವರ ಅಂಗಳದಲ್ಲೂ ಕೊಯ್ಯಬೇಕಾದದ್ದು ಉಳಿದಿರುವುದು ನಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಆದರೂ ನಾವಾಗಿ ಹೋಗಿ ಗರಗಸ ಕೇಳುವುದಿಲ್ಲ. ಅವರೇ ಅದನ್ನು ತಂದು ನಮ್ಮ ಕೈಗಿಡುವ ಹೊತ್ತಿಗೆ ಬೇರು ಒಣಗಿರುತ್ತದೆ.